ಮುಖರ್ಜಿ ನಗರದ ಡೀಸಿಯ ಬಿಡುಗಡೆ

ದೆಹಲಿಗೆ ಹೋಗಿ ಬಂದವರು ಕೆಂಪು ಕೋಟೆಯ ಮುಂದೆ ನಿಂತ ಫೋಟೋ ತೋರಿಸುತ್ತಾರೆ. ನನ್ನ ಮೊಬೈಲಿನಲ್ಲಿರುವುದು ಒಂದು ನಾಯಿಯ ಬಲ ಪಕ್ಕೆಯ ಫೋಟೋ. ರಾಣೆಬೆನ್ನೂರಿಗೆ ಮರಳಿದ ಮೇಲೆ ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ತೋರಿಸಿದೆ. ಎದುರು ಮನೆಯವರು ಕನ್ನಡಕ ಹಾಕಿಕೊಂಡು, ಫೋಟೋವನ್ನು ಅಡ್ಡ ಉದ್ದ ತಿರುಗಿಸಿ ನೋಡಿ, "ತಾಜ್‌ಮಹಲ್ ಕಡೆ ಹೋಗಲೇ ಇಲ್ಲೇನ್ರೀ?" ಎಂದು ಕೇಳಿದರು. ಹೋಗಲಿಲ್ಲ. ಇದ್ದ ಐದು ದಿನಗಳಲ್ಲಿ ಮೂರು ದಿನ ಒಂದು ನಾಯಿಯ ಹಿಂದೆಯೇ ಕಳೆದವು. ಉಳಿದ ಎರಡು ದಿನ ನಾನು ಅದೇ ಕಥೆಯನ್ನು ಅಲ್ಲಿಯವರಿಗೆ ಹೇಳುತ್ತ ಕುಳಿತಿದ್ದೆ.

ಮೂವತ್ತೊಂದು ವರ್ಷ ನಾನು ಪಶು ಇಲಾಖೆಯಲ್ಲಿ ಪರೀಕ್ಷಕಿಯಾಗಿದ್ದೆ. ಹಳ್ಳಿಗಳಲ್ಲಿ ನನ್ನನ್ನು ದನದ ಡಾಕ್ಟರಮ್ಮ ಎನ್ನುತ್ತಿದ್ದರು. ನಾನು ಡಾಕ್ಟರಲ್ಲ ಎಂದು ಮೊದಲ ಐದಾರು ವರ್ಷ ತಿದ್ದಿದೆ, ಆಮೇಲೆ ಬಿಟ್ಟೆ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕುಳಿತು ಕೈ ಜಡ್ಡುಗಟ್ಟಿತ್ತು. ಆಗಲೇ ತಂಗಿ ಫೋನ್ ಮಾಡಿದಳು. ಅವಳ ಮಗಳು ಸಹನಾ ಎರಡು ವರ್ಷದಿಂದ ದೆಹಲಿಯಲ್ಲಿ ಐಎಎಸ್ ಪರೀಕ್ಷೆಗೆ ಓದುತ್ತಿದ್ದಾಳೆ. ಫೋನಿನಲ್ಲಿ ಸರಿಯಾಗಿ ಮಾತಾಡುತ್ತಿಲ್ಲ, ಊಟ ಬಿಟ್ಟಿದ್ದಾಳೋ ಏನೋ, ನೀನೊಮ್ಮೆ ಹೋಗಿ ನೋಡಿ ಬಾ ಅಂದಳು. ಖಡಕ್ ರೊಟ್ಟಿಯ ದೊಡ್ಡ ಗಂಟು ಕಟ್ಟಿಕೊಂಡು ಹೊರಟೆ. ಪಾಸ್‌ಪೋರ್ಟ್ ಬೇಕಿಲ್ಲ ಅನ್ನುವುದು ಬಿಟ್ಟರೆ ನನ್ನಂಥವಳಿಗೆ ಅದು ಪರದೇಶವೇ.

ಮೊದಲ ದಿನ: ಮುಖರ್ಜಿ ನಗರ

ನಮ್ಮ ಕಡೆ ಗೋಡೆಗಳ ಮೇಲೆ ಇಷ್ಟೊಂದು ಮುಖಗಳು ಕಾಣುವುದು ಚುನಾವಣೆಯಲ್ಲಿ ಮಾತ್ರ. ಇಲ್ಲಿ ಪರೀಕ್ಷೆ ಪಾಸಾದವರ ಮುಖಗಳು. ಕರೆಂಟು ಕಂಬದಿಂದ ಹಿಡಿದು ಮೂರನೇ ಮಹಡಿಯ ಬಾಲ್ಕನಿವರೆಗೆ ಅವರೇ ನಗುತ್ತಿದ್ದರು. ಕೆಳಗೆ ಓಡಾಡುವ ಮಕ್ಕಳ ಮುಖದಲ್ಲಿ ನಗು ಕಡಿಮೆ. ಚಹಾ ಕುಡಿಯುವಾಗಲೂ ಒಂದು ಕೈಯಲ್ಲಿ ನೋಟ್ಸು. ಒಬ್ಬ ಹುಡುಗ ರಸ್ತೆ ದಾಟುತ್ತ ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡುತ್ತಿದ್ದ, ರಿಕ್ಷಾದವನು ಬೈದದ್ದು ಅವನಿಗೆ ಕೇಳಿಸಲೇ ಇಲ್ಲ.

ಸಹನಾ ಇದ್ದ ಪೀಜಿಯ ಕೋಣೆಯಲ್ಲಿ ಎರಡು ಮಂಚ, ಎರಡು ಮೇಜು. ಒಬ್ಬರು ಕೋಟು ಹಾಕಿಕೊಳ್ಳಬೇಕಾದರೆ ಇನ್ನೊಬ್ಬರು ಮಂಚ ಹತ್ತಬೇಕು. ಜೊತೆಗಿದ್ದವಳು ಬೀದರಿನ ರೆಹಾನಾ. ಇಬ್ಬರ ಕಣ್ಣೂ ಕೆಂಪಾಗಿದ್ದವು. ಗಂಟು ಇಳಿಸುವುದಕ್ಕೂ ಬಿಡದೆ ಸಹನಾ ಹೇಳಿದಳು: "ಡೀಸಿನ ಹಿಡ್ಕೊಂಡು ಹೋದ್ರು ದೊಡ್ಡಮ್ಮ. ಮೊನ್ನೆ ಬೆಳಿಗ್ಗೆ. ವ್ಯಾನಲ್ಲಿ."

ಲಂಚದ ಕೇಸೇನೋ ಎಂದುಕೊಂಡೆ. ಜಿಲ್ಲಾಧಿಕಾರಿಯನ್ನು ಹಿಡಿದರೆ ಇವಳಿಗೇಕೆ ಅಳು ಎಂದು ಅರ್ಥವಾಗಲಿಲ್ಲ. ಆಮೇಲೆ ರೆಹಾನಾ ಬಿಡಿಸಿ ಹೇಳಿದಳು. ಡೀಸಿ ಎಂದರೆ ಓಣಿಯ ನಾಯಿ, ಕಂದು ಬಣ್ಣದ ಹೆಣ್ಣು. ಈ ಓಣಿಯಲ್ಲಿ ಇಷ್ಟು ವರ್ಷದಲ್ಲಿ ಆ ಹುದ್ದೆಗೇರಿದ್ದು ಅವಳೊಬ್ಬಳೇ ಎಂದು ಕನ್ನಡದ ಹುಡುಗಿಯರು ಸೇರಿ ಇಟ್ಟ ಹೆಸರು. ಸಂಜೆ ಇವರು ಓದುವ ಲೈಬ್ರರಿಯಿಂದ ಹೊರಟರೆ ಬಾಗಿಲಲ್ಲಿ ಕಾದಿದ್ದು ಪೀಜಿಯವರೆಗೆ ಬಿಟ್ಟು ಹೋಗುತ್ತಾಳಂತೆ. ಹೋದ ಸಲ ಪರೀಕ್ಷೆಯ ಫಲಿತಾಂಶ ಬಂದು ಇಬ್ಬರ ಹೆಸರೂ ಇಲ್ಲದ ದಿನ, ಮೆಟ್ಟಿಲ ಮೇಲೆ ಕುಳಿತಿದ್ದ ಸಹನಾಳ ಪಕ್ಕದಿಂದ ಅವಳು ಎದ್ದೇ ಇರಲಿಲ್ಲವಂತೆ.

"ಮನೆಗೆ ಫೋನ್ ಮಾಡೋಕೆ ಮನಸ್ಸಿರ್ಲಿಲ್ಲ, ದೊಡ್ಡಮ್ಮ. ಡೀಸಿ ಇದ್ದಳು," ಎಂದಳು ಸಹನಾ. ನನ್ನ ತಂಗಿಗೆ ಇದನ್ನು ಹೇಗೆ ಹೇಳುವುದೋ ಎಂದು ಯೋಚನೆಯಾಯಿತು.

ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕುವ ಕೇಂದ್ರಕ್ಕೆ ಅವಳನ್ನು ಒಯ್ದಿದ್ದರು. ಹುಚ್ಚು ಹಿಡಿಯದ, ಮೈಮೇಲೆ ಬೀಳದ ನಾಯಿಯನ್ನು ಆಮೇಲೆ ಹಿಡಿದ ಜಾಗದಲ್ಲೇ ಬಿಡಬೇಕು ಎನ್ನುವುದು ನಿಯಮ. ಅದನ್ನು ಇಬ್ಬರೂ ನನಗೆ ಉಪನಿಯಮದ ಸಂಖ್ಯೆ ಸಮೇತ ಹೇಳಿದರು. ಕೇಂದ್ರ ಎಲ್ಲಿದೆ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿದರು.

"ಅರ್ಜಿ ಕಳಿಸಿದ್ದೀವಿ ಆಂಟಿ, ಮೇಲ್‌ನಲ್ಲಿ," ಎಂದಳು ರೆಹಾನಾ. "ಮೂರು ಪುಟ."

ಅದೇ ಸಂಜೆ: ಚಹಾದ ಅಂಗಡಿ

ಓಣಿಯ ತುದಿಯಲ್ಲಿ ಚಹಾ ಮಾರುವವರನ್ನು ಎಲ್ಲರೂ ಭಯ್ಯಾ ಎನ್ನುತ್ತಾರೆ, ವಯಸ್ಸು ನನಗಿಂತ ಹೆಚ್ಚಿದ್ದರೂ. ಅವರ ಬೆಂಚಿನ ಕೆಳಗೆ ಡೀಸಿಗೆಂದು ಹಾಕಿದ ಹಳೆಯ ಗೋಣಿಚೀಲದ ಹಾಸಿಗೆ ಇತ್ತು. ದೆಹಲಿಯ ಚಳಿಗೆ ಅಲ್ಲಿನ ಬೀದಿನಾಯಿಗಳು ಅಂಗಿ ತೊಡುತ್ತವೆ. ಹರಿದ ಸ್ವೆಟರು, ಸ್ಕೂಲ್ ಬ್ಲೇಜರು, ಒಂದಕ್ಕಂತೂ ಯಾರದೋ ಮದುವೆಯ ಜರಿಯ ಕುರ್ತಾ. ನಮ್ಮೂರಲ್ಲಿ ನಾಯಿಗೆ ಬಟ್ಟೆ ತೊಡಿಸಿದರೆ ಓಣಿಗೆ ಓಣಿಯೇ ಬಂದು ನಗುತ್ತದೆ. ಇಲ್ಲಿ ಯಾರೂ ತಿರುಗಿ ಸಹ ನೋಡುತ್ತಿರಲಿಲ್ಲ.

ರೆಹಾನಾಳ ಹಿಂದಿ ಬೀದರಿನದು, ನನ್ನದು ಹಳೆಯ ಟೀವಿಯದು. ಎರಡೂ ಸೇರಿಸಿ ಭಯ್ಯಾನನ್ನು ಕೇಳಿದೆ, ಆ ಕಂದು ಹೆಣ್ಣುನಾಯಿ ಎಷ್ಟು ಸಲ ಮರಿ ಹಾಕಿದೆ ಎಂದು.

ಭಯ್ಯಾ ಚಹಾ ಸೋಸುತ್ತ ನಕ್ಕರು. "ಮರಿ ಎಲ್ಲಿಂದ ಬರಬೇಕು, ಬೆಹೆನ್‌ಜಿ? ಮೂರು ವರ್ಷದ ಹಿಂದೆ ಇದೇ ಥರ ವ್ಯಾನ್ ಬಂದು ಒಯ್ದಿತ್ತು. ಆಪರೇಷನ್ ಮಾಡಿ, ಕಿವಿಯ ತುದಿ ಕತ್ತರಿಸಿ, ಇಲ್ಲೇ ಇಳಿಸಿ ಹೋದರು."

ನಾನು ಬೆಂಚಿನಿಂದ ಎದ್ದು ನಿಂತೆ. ಆಪರೇಷನ್ ಆದ ನಾಯಿಗೆ ಕಿವಿಯ ತುದಿ ಕತ್ತರಿಸುವುದು ಗುರುತಿಗೆ, ಮತ್ತೆ ಹಿಡಿಯಬಾರದು ಎಂದು. ಹಾಗಿದ್ದರೆ ಈಗ ಯಾಕೆ ಹಿಡಿದರು?

"ಕಿವಿ ಎಲ್ಲಿದೆ ಈಗ?" ಎಂದರು ಭಯ್ಯಾ. "ಹೋದ ಮಳೆಗಾಲದಲ್ಲಿ ಜಗಳವಾಡಿ ಅರ್ಧ ಕಿವಿ ಹರಿಸಿಕೊಂಡು ಬಂದಳು."

ಗುರುತು ಕಿವಿಯ ಜೊತೆಗೇ ಹೋಗಿತ್ತು. ಹಿಡಿಯುವವರ ತಪ್ಪೇನೂ ಇಲ್ಲ. ಅವರು ನೋಡಿದ್ದು ಹರಿದ ಕಿವಿ. ಆದರೆ ಕೇಂದ್ರದಲ್ಲಿ ಅವಳನ್ನು ಆಪರೇಷನ್ ಆಗದವಳು ಎಂದು ಬರೆದುಕೊಂಡಿದ್ದರೆ, ಇಲ್ಲದ ಗರ್ಭಕೋಶವನ್ನು ಹುಡುಕಲು ಅವಳ ಹೊಟ್ಟೆಯನ್ನು ಎರಡನೆಯ ಸಲ ಕೊಯ್ಯುತ್ತಾರೆ. ಇದನ್ನು ಹೇಳಿದಾಗ ಸಹನಾ ಚಹಾದ ಲೋಟವನ್ನು ಹಾಗೇ ಕೆಳಗಿಟ್ಟಳು.

ಎರಡನೆಯ ದಿನ: ಕೇಂದ್ರ

ಕೇಂದ್ರದ ದಾರಿಯನ್ನು ಭಯ್ಯಾ ಹೇಳಿಕೊಟ್ಟಿದ್ದರು, ಆದರೂ ಮೆಟ್ರೋದಲ್ಲಿ ಮೊದಲು ವಿರುದ್ಧ ದಿಕ್ಕಿನ ಗಾಡಿ ಹತ್ತಿದೆವು. ಎರಡು ವರ್ಷ ದೆಹಲಿಯಲ್ಲಿದ್ದ ಇಬ್ಬರು ಹುಡುಗಿಯರಿಗೆ ಕೋಣೆ, ಕ್ಲಾಸು, ಲೈಬ್ರರಿ ಬಿಟ್ಟರೆ ಊರೇ ಗೊತ್ತಿರಲಿಲ್ಲ. ಮೂರು ನಿಲ್ದಾಣ ಹೋದ ಮೇಲೆ ಪಕ್ಕದ ಹೆಂಗಸು ನಮ್ಮ ಮಾತಿನಲ್ಲಿ ಪೀತಮ್‌ಪುರದ ಹೆಸರು ಕೇಳಿ ಇಳಿಸಿದಳು, ತಾನೂ ಇಳಿದು ಎದುರು ಕಡೆಯ ಗಾಡಿ ಹತ್ತಿಸಿದಳು, ನನಗೆ ಜಾಗ ಬಿಡಿ ಎಂದು ಡಬ್ಬಿಯಲ್ಲಿದ್ದವರಿಗೆಲ್ಲ ಗದರಿಸಿ ಹೋದಳು. ದೆಹಲಿಯವರು ಒರಟರು ಎಂದು ನನಗೆ ಹೇಳಿ ಕಳಿಸಿದವರು ಬಹಳ ಜನ. ಗದರಿಸಿದ್ದು ನಿಜ, ಆದರೆ ನನ್ನ ಪರವಾಗಿ.

ಪೀತಮ್‌ಪುರ ದಾಟಿ ಇ-ರಿಕ್ಷಾದಲ್ಲಿ ಇನ್ನೂ ಬಹಳ ದೂರ ಹೋದ ಮೇಲೆ ಕೇಂದ್ರ ಸಿಕ್ಕಿತು. ಉದ್ದನೆಯ ಶೆಡ್ಡು, ಎರಡೂ ಕಡೆ ಜಾಲರಿಯ ಗೂಡುಗಳು, ಫಿನಾಯಿಲ್ ವಾಸನೆ. ಬೊಗಳುವ ಸದ್ದಿನಲ್ಲಿ ಮಾತೇ ಕೇಳಿಸುತ್ತಿರಲಿಲ್ಲ. ನನಗೆ ಒಳಗೆ ಕಾಲಿಟ್ಟ ಕೂಡಲೇ ಹಳೆಯ ಆಫೀಸಿಗೆ ಬಂದ ಹಾಗಾಯಿತು. ನಾನು ನೌಕರಿಗೆ ಸೇರಿದ ಹೊಸದರಲ್ಲಿ ನಾಯಿ ಹಿಡಿಯುತ್ತಿದ್ದುದು ಮರಳಿ ಬಿಡುವುದಕ್ಕಲ್ಲ. ಅದನ್ನು ಕಂಡಿದ್ದೇನೆ, ವಿವರ ಬೇಡ. ಹಿಡಿದದ್ದನ್ನು ಮತ್ತೆ ಅದರ ಓಣಿಗೇ ತಲುಪಿಸಬೇಕು ಎನ್ನುವ ಕಾನೂನು ಬಂದಾಗ ನಮ್ಮಲ್ಲಿ ಎಷ್ಟೋ ಜನ ನಕ್ಕರು. ನಾನು ನಗಲಿಲ್ಲ.

ಆರನೆಯ ಗೂಡಿನಲ್ಲಿ ಡೀಸಿ ಇದ್ದಳು. ಸಹನಾ ಹೆಸರು ಹಿಡಿದು ಕರೆಯುವ ಮೊದಲೇ ಎದ್ದು ಜಾಲರಿಗೆ ಮೂಗು ಒತ್ತಿದಳು. ಬೊಗಳಲಿಲ್ಲ. ಎಡಗಿವಿ ಅರ್ಧಕ್ಕೆ ಹರಿದು ಸುರುಟಿಕೊಂಡಿತ್ತು.

ಉಸ್ತುವಾರಿ ನೋಡುವವರು ತ್ಯಾಗಿ ಎಂಬುವವರು. ಮಫ್ಲರು ಸುತ್ತಿಕೊಂಡು ಹೀಟರಿನ ಮುಂದೆ ಕುಳಿತಿದ್ದರು. ನಾವು ಯಾವ ನಾಯಿಗೆ ಬಂದೆವು ಎಂದು ತಿಳಿದದ್ದೇ ಡ್ರಾಯರಿನಿಂದ ಮೂರು ಪುಟ ತೆಗೆದು ಮೇಜಿನ ಮೇಲಿಟ್ಟರು. ಅಲ್ಲಲ್ಲಿ ಕೆಂಪು ಗೆರೆ ಎಳೆದಿತ್ತು.

"ಮಾತಾಜಿ, ಇದನ್ನು ಬರೆದವರು ಇವರೇನಾ?" ಎಂದು ಹುಡುಗಿಯರನ್ನು ತೋರಿಸಿದರು. "ಇದರಲ್ಲಿ ಸಂವಿಧಾನ ಇದೆ, ಹನ್ನೊಂದು ಸೆಕ್ಷನ್ ಇದೆ, ಕೋರ್ಟಿಗೆ ಹೋಗುತ್ತೇವೆ ಅಂತ ಎರಡು ಕಡೆ ಇದೆ. ಓದಿ ನನಗೆ ಹೆದರಿಕೆ ಆಯಿತು. ನಾನು ಮೇಲಿನವರಿಗೆ ಕಳಿಸಿಬಿಟ್ಟೆ. ಈಗ ಅವರು ಹೇಳುವವರೆಗೆ ನಾನು ಈ ನಾಯಿಯನ್ನು ಬಿಡುವ ಹಾಗಿಲ್ಲ."

ತ್ಯಾಗಿಯವರು ಬೆರಳಿಟ್ಟು ಇನ್ನೊಂದು ಸಾಲು ತೋರಿಸಿದರು. "ಇಲ್ಲಿ ನೋಡಿ. ನಮ್ಮ ಸಾಕುನಾಯಿ ಅಂತ ಬರೆದಿದ್ದಾರೆ. ಸಾಕಿದ್ದಾದರೆ ಲೈಸೆನ್ಸ್ ಎಲ್ಲಿ? ಬೀದಿಗೆ ಯಾಕೆ ಬಿಟ್ಟರು? ಬೀದಿ ನಾಯಿಯಾದರೆ ನಾನು ಓಣಿಗೆ ಬಿಡಬಹುದು. ಸಾಕಿದ್ದನ್ನು ಹೇಗೆ ಬೀದಿಯಲ್ಲಿ ಬಿಡಲಿ? ಲೈಸೆನ್ಸ್ ಮಾಡಿಸಿ, ಮನೆ ಮಾಲೀಕರ ಒಪ್ಪಿಗೆ ತಂದು, ಮನೆಯೊಳಗೆ ಇಟ್ಟುಕೊಳ್ಳಿ."

ಪೀಜಿಯ ಬಾಗಿಲಿಗೇ ಸಾಕುಪ್ರಾಣಿಗೆ ಪ್ರವೇಶವಿಲ್ಲ ಎಂದು ಬೋರ್ಡು ಹಾಕಿದ್ದನ್ನು ನಾನೇ ಓದಿದ್ದೆ. ಅರ್ಜಿಗೆ ತೂಕ ಬರಲಿ ಎಂದು ಬರೆದ ಒಂದು ಸಾಲು ಡೀಸಿಗೆ ಓಣಿಯ ಬಾಗಿಲು ಮುಚ್ಚಿತ್ತು. ಐಎಎಸ್‌ಗೆ ಓದುವವರು ಮಾತ್ರ ಮಾಡಬಹುದಾದ ತಪ್ಪು. ಬೇರೆ ಯಾರಾದರೂ ಆಗಿದ್ದರೆ ಹೋಗಿ, ನಮಸ್ಕಾರ ಹಾಕಿ, ನಾಯಿ ಬಿಡಿ ಅನ್ನುತ್ತಿದ್ದರು.

ಅವಳಿಗೆ ಆಪರೇಷನ್ ಆಗಿದೆ ಎಂದೆ. ತ್ಯಾಗಿಯವರು ಕೇಸ್ ಪಟ್ಟಿ ತಿರುಗಿಸಿ ತೋರಿಸಿದರು. ಕಿವಿಗುರುತು ಇಲ್ಲ. ಹೊಟ್ಟೆ ನೋಡಿದ್ದಾರೆ, ಹೊಲಿಗೆಯ ಗುರುತಿಲ್ಲ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಶಸ್ತ್ರಚಿಕಿತ್ಸೆ, ಪಟ್ಟಿಯಲ್ಲಿ ನಾಲ್ಕನೆಯ ಹೆಸರು. ಡಾಕ್ಟರ್ ಮೇಡಂ ಆ ದಿನ ಬಂದು ಹೋಗಿಯಾಗಿತ್ತು. "ನಾಳೆ ಒಂಬತ್ತಕ್ಕೆ ಬರುತ್ತಾರೆ. ಅವರು ಹೇಳಿದರೆ ಹೆಸರು ಹೊಡೆದುಹಾಕುತ್ತೇನೆ. ಕಾಗದದ ವಿಷಯ ಮಾತ್ರ ನನ್ನ ಕೈಯಲ್ಲಿಲ್ಲ," ಎಂದರು. ಸಿಟ್ಟಿನ ಮನುಷ್ಯರಲ್ಲ. ಹೊರಡುವಾಗ ಹೀಟರು ನನ್ನ ಕಡೆ ತಿರುಗಿಸಿ ಚಹಾ ತರಿಸಿದರು.

ಅದೇ ಸಂಜೆ: ನಾಲ್ಕು ಸಾಲು

ರೊಟ್ಟಿ, ಶೇಂಗಾ ಚಟ್ನಿ ತಟ್ಟೆಗೆ ಹಾಕಿಕೊಟ್ಟು, ಮೊದಲು ಊಟ ಮಾಡಿ, ಆಮೇಲೆ ಹೊಸ ಅರ್ಜಿ ಬರೆಯಿರಿ ಎಂದೆ. ಹಳೆಯದನ್ನು ಹಿಂತೆಗೆದುಕೊಂಡಿದ್ದೇವೆ ಎಂದು ಮೊದಲ ಸಾಲು. ಈ ನಾಯಿ ನಮ್ಮ ಓಣಿಯ ಬೀದಿನಾಯಿ, ನಮ್ಮದಲ್ಲ ಎಂದು ಎರಡನೆಯದು. ಅವಳಿಗೆ ಮೂರು ವರ್ಷದ ಹಿಂದೆ ಆಪರೇಷನ್ ಆಗಿದೆ, ದಯವಿಟ್ಟು ಪರೀಕ್ಷಿಸಿ ಎಂದು ಮೂರನೆಯದು. ಹಿಡಿದ ಜಾಗದಲ್ಲೇ ಬಿಡಿ ಎಂದು ಕೊನೆಯದು. ಸೆಕ್ಷನ್ ಒಂದೂ ಬೇಡ.

ರೆಹಾನಾ ಚಕಚಕನೆ ಹಿಂದಿಯಲ್ಲಿ ಬರೆದಳು. ಸಹನಾ ಸಹಿ ಹಾಕಲಿಲ್ಲ.

"ನಮ್ಮದಲ್ಲ ಅಂತ ನಾನು ಹೇಗೆ ಬರೀಲಿ ದೊಡ್ಡಮ್ಮ?" ಎಂದಳು. "ಅವತ್ತು ಅವಳು ಇಲ್ದಿದ್ರೆ ನಾನು ಊರಿಗೆ ಹೊರಟು ಹೋಗ್ತಿದ್ದೆ. ಅಚ್ಛಾ, ಬರಿ ಒಂದು ಕಾಗದ ಅಂತೀರಿ. ಆದ್ರೂ ಸುಳ್ಳಲ್ವಾ?"

ಎಷ್ಟೋ ಮನೆಗಳಲ್ಲಿ ಎಮ್ಮೆ ಮಾರುವಾಗ ಹೆಂಗಸರು ಹೀಗೆ ಹಗ್ಗ ಬಿಡದೆ ನಿಂತದ್ದನ್ನು ನೋಡಿದವಳು ನಾನು. ಪೆನ್ನನ್ನು ಅವಳ ಕಡೆ ಸರಿಸಿ ಹೇಳಿದೆ: "ಸಹನಾ, ನಿನ್ನದು ಅಂದರೆ ಅವಳು ಗೂಡಿನಲ್ಲೇ ಇರ್ತಾಳೆ. ಓಣಿಯದು ಅಂದರೆ ಮನೆಗೆ ಬರ್ತಾಳೆ. ನಿನಗೆ ಕಾಗದ ಬೇಕೋ, ಡೀಸಿ ಬೇಕೋ?"

ಅವಳು ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕುವುದನ್ನೂ ಮರೆತು ಗೋಡೆಯ ಕಡೆ ತಿರುಗಿ ಮಲಗಿದಳು.

ಮೂರನೆಯ ದಿನ: ಬಲ ಪಕ್ಕೆ

ಬೆಳಿಗ್ಗೆ ಹೊರಗೆ ನೋಡಿದರೆ ಓಣಿಯೇ ಇಲ್ಲ, ಬರಿ ಮಂಜು. ಆಟೋದವರು ತಲೆ ಹೊರಗೆ ಚಾಚಿ ಓಡಿಸಿದರು. ದಾರಿಯುದ್ದಕ್ಕೂ ನಾನು ಬೆರಳುಗಳನ್ನು ಶಾಲಿನೊಳಗೆ ಉಜ್ಜಿ ಬಿಸಿ ಮಾಡಿಕೊಂಡೆ. ತಣ್ಣನೆಯ ಕೈಗೆ ಏನೂ ತಿಳಿಯುವುದಿಲ್ಲ. ತಲುಪಿದಾಗ ಒಂಬತ್ತೂವರೆ.

ಡಾಕ್ಟರ್ ಮೇಡಂ ಮೂವತ್ತರ ಆಸುಪಾಸಿನವರು, ಹಸಿರು ಗೌನು ತೊಡುತ್ತಲೇ ನಮ್ಮ ಮಾತು ಕೇಳಿದರು. ನೀವು ಡಾಕ್ಟರಾ ಎಂದು ಕೇಳಿದರು.

"ಅಲ್ಲ," ಎಂದು ರೆಹಾನಾಳಿಂದ ಹೇಳಿಸಿದೆ. "ಡಾಕ್ಟರು ರಜೆ ಹಾಕಿದಾಗಲೆಲ್ಲ ಕೆಲಸ ಮಾಡಿದವಳು."

ಅವರು ನಕ್ಕರು. "ಹತ್ತು ನಿಮಿಷ," ಎಂದರು.

ಡೀಸಿಯನ್ನು ತಂದು ಮೇಜಿನ ಮೇಲೆ ನಿಲ್ಲಿಸಿದರು. ಮೂತಿಗೆ ಬಟ್ಟೆ ಕಟ್ಟಿದ್ದರು. ಬೆಚ್ಚಗಿನ ನೀರು ಕೇಳಿ ಪಡೆದು, ಹೊಟ್ಟೆಯ ನಡುಗೆರೆಯನ್ನು ಒದ್ದೆ ಮಾಡಿ ಎರಡು ಬೆರಳಲ್ಲಿ ನಿಧಾನವಾಗಿ ಸವರಿದೆ. ಏನೂ ಇರಲಿಲ್ಲ. ತ್ಯಾಗಿಯವರು ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸಿದರು, ಪಾಪ, ಖುಷಿಯಿಂದಲ್ಲ. ಮೊಲೆಗಳು ಸಣ್ಣವು, ಹಾಲುಣಿಸಿದ ಲಕ್ಷಣವಿಲ್ಲ, ಆದರೆ ಅದೊಂದೇ ಸಾಲದು. ಸಹನಾ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು.

ಹೊಟ್ಟೆಯಲ್ಲಿ ಇಲ್ಲದಿದ್ದರೆ ಪಕ್ಕೆಯಲ್ಲಿರಬೇಕು. ಬೀದಿನಾಯಿಗಳಿಗೆ ಹಲವು ಕಡೆ ಬಲ ಪಕ್ಕೆಯಿಂದ ಸಣ್ಣ ಗಾಯ ಮಾಡಿ ಆಪರೇಷನ್ ಮಾಡುತ್ತಾರೆ, ಬೇಗ ಮಾಯುತ್ತದೆ ಎಂದು. ಕೂದಲು ಬೆಳೆದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಕೊನೆಯ ಪಕ್ಕೆಲುಬಿನ ಹಿಂದೆ ನೀರು ಹಚ್ಚಿ, ಕೂದಲನ್ನು ಎದುರು ದಿಕ್ಕಿಗೆ ಸರಿಸಿ, ಕಣ್ಣು ಮುಚ್ಚಿಕೊಂಡು ಬೆರಳು ಆಡಿಸಿದೆ. ಒಂದು ಸಲ. ಎರಡು ಸಲ. ಮೂರನೆಯ ಸಲ ಬೆರಳು ತಡೆಯಿತು. ಚರ್ಮದ ಕೆಳಗೆ ಗಟ್ಟಿ ದಾರ ಇಟ್ಟು ಹೊಲಿದ ಹಾಗೆ, ಅರ್ಧ ಬೆರಳಿನುದ್ದದ ಗೆರೆ.

ಮೂವತ್ತೊಂದು ವರ್ಷ ದನಗಳ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ಕಲಿತದ್ದು ಆ ಒಂದು ಕ್ಷಣಕ್ಕೆ ಸಾಕಾಗಿತ್ತು. ಡಾಕ್ಟರ ಕೈ ಹಿಡಿದು ಅದೇ ಜಾಗಕ್ಕೆ ತಂದಿಟ್ಟೆ. ಅವರು ಸವರಿದರು, ಮತ್ತೆ ಸವರಿದರು, ಟ್ರಿಮ್ಮರು ತರಿಸಿ ಅಂಗೈಯಗಲ ಕೂದಲು ತೆಗೆದರು. ಬಿಳಿಯ ಗೆರೆ ಎಲ್ಲರಿಗೂ ಕಂಡಿತು. ನಾನು ಫೋಟೋ ತೆಗೆದದ್ದು ಆಗಲೇ.

"ಆಪರೇಷನ್ ಆಗಿದೆ," ಎಂದರು ಡಾಕ್ಟರು. ಪಟ್ಟಿಯ ನಾಲ್ಕನೆಯ ಹೆಸರಿನ ಮೇಲೆ ತಾವೇ ಗೆರೆ ಎಳೆದರು. ಆಮೇಲೆ ಪಟ್ಟಿಯನ್ನು ಒಂದು ಗಳಿಗೆ ನೋಡುತ್ತ ನಿಂತು ನನ್ನ ಕಡೆ ತಿರುಗಿದರು. "ಕಿವಿ ಹರಿದವು ಇನ್ನೂ ಮೂರು ಇವೆ, ಇವತ್ತಿನ ಪಟ್ಟಿಯಲ್ಲೇ. ನೀವು ಅವನ್ನೂ ಒಮ್ಮೆ ನೋಡಿ ಹೋಗುತ್ತೀರಾ?"

ನೋಡದೆ ಹೋಗುತ್ತೇನೆಯೇ. ಮೂರರಲ್ಲಿ ಎರಡಕ್ಕೆ ಅದೇ ಜಾಗದಲ್ಲಿ ಅದೇ ಗೆರೆ ಸಿಕ್ಕಿತು. ಮೂರನೆಯದಕ್ಕೆ ಎಲ್ಲಿ ಹುಡುಕಿದರೂ ಇರಲಿಲ್ಲ, ಅದನ್ನು ಪಟ್ಟಿಯಲ್ಲೇ ಬಿಟ್ಟೆವು. ಅದು ಆಗಬೇಕಾದ ಕೆಲಸವೇ. ಇನ್ನು ಮುಂದೆ ಕಿವಿ ಹರಿದ ಹೆಣ್ಣುನಾಯಿ ಬಂದರೆ ಪಕ್ಕೆ ಬೋಳಿಸಿ ನೋಡಿಯೇ ಪಟ್ಟಿಗೆ ಸೇರಿಸಬೇಕು ಎಂದು ಡಾಕ್ಟರು ತ್ಯಾಗಿಯವರಿಗೆ ಹೇಳಿದರು. ಅವರು ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಹೀಟರಿನ ಮೇಲಿನ ಗೋಡೆಗೆ ಅಂಟಿಸಿದರು. ನನಗಾದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ನಿವೃತ್ತಿಯ ದಿನ ಹಾರ ಹಾಕಿದಾಗಲೂ ಇಷ್ಟು ಹಿಗ್ಗಿರಲಿಲ್ಲ.

ಡೀಸಿಗೂ ಗೆರೆ ಸಿಕ್ಕ ಆ ಎರಡು ನಾಯಿಗಳಿಗೂ ಲಸಿಕೆ ಹಾಕಿ, ಕಿವಿ ಮರಗಟ್ಟಿಸಿ, ಈ ಸಲ ಬಲಗಿವಿಯ ತುದಿಗೆ ಗುರುತು ಮಾಡಿದರು. ತ್ಯಾಗಿಯವರು ನಾಲ್ಕು ಸಾಲಿನ ಅರ್ಜಿ ಓದಿ, ಫೋನಿನಲ್ಲಿ ಮೇಲಿನವರಿಗೆ ಓದಿ ಹೇಳಿ, ಹೂಂ ಹೂಂ ಎಂದು ಕೇಳಿಸಿಕೊಂಡು ಇಟ್ಟರು. "ಬೀದಿನಾಯಿ ಅಂತ ಮೊದಲೇ ಬರೆದಿದ್ದರೆ ಇಷ್ಟು ಓಡಾಟ ಇರುತ್ತಿರಲಿಲ್ಲ, ಬೇಟಾ," ಎಂದು ಸಹನಾಳಿಗೆ ಹೇಳಿದರು. ಬಿಡುಗಡೆಯ ಫಾರಂನಲ್ಲಿ ಸಾಕ್ಷಿಯ ಜಾಗಕ್ಕೆ ನನ್ನ ಸಹಿ ಬೇಕಂತೆ, ಹುದ್ದೆ ಸಮೇತ. ಪಶುವೈದ್ಯ ಪರೀಕ್ಷಕಿ, ನಿವೃತ್ತ, ರಾಣೆಬೆನ್ನೂರು ಎಂದು ಕನ್ನಡದಲ್ಲೇ ಬರೆದೆ. ಅವರು ಅದನ್ನು ಗಂಭೀರವಾಗಿ ನೋಡಿ ಸೀಲು ಹೊಡೆದರು.

ವ್ಯಾನಿನಲ್ಲಿ: ಪೀತಮ್‌ಪುರದಿಂದ ಮುಖರ್ಜಿ ನಗರಕ್ಕೆ

ನಾಯಿ ಹಿಡಿಯುವ ವ್ಯಾನಿನ ಮುಂದಿನ ಸೀಟಿನಲ್ಲಿ ಊರು ಸುತ್ತಿದ ಪ್ರವಾಸಿ ನಾನೊಬ್ಬಳೇ ಇರಬೇಕು. ಹುಡುಗಿಯರು ಹಿಂದೆ ಆಟೋದಲ್ಲಿ ಬಂದರು. ಮೊದಲ ನಾಯಿಯನ್ನು ಪೀತಮ್‌ಪುರದ ಒಂದು ಮಾರ್ಕೆಟ್ಟಿನ ಹಿಂದೆ ಇಳಿಸಿದಾಗ ಇಸ್ತ್ರಿಯವಳು ಪೆಟ್ಟಿಗೆ ಹಾಗೇ ಬಿಟ್ಟು ಓಡಿ ಬಂದಳು. ಎರಡನೆಯದನ್ನು ಒಂದು ಪಾರ್ಕಿನ ಗೇಟಿನಲ್ಲಿ ಇಳಿಸಿದರು. ವಾಕಿಂಗ್ ಮಾಡುತ್ತಿದ್ದ ಇಬ್ಬರು ಮುದುಕರಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು, ಇನ್ನೊಬ್ಬರು ಇದು ಮತ್ತೆ ಬಂತಾ ಎಂದು ಗೊಣಗಿದರು. ಗೊಣಗಿದವರ ಕಾಲನ್ನೇ ಅದು ಮೊದಲು ಮೂಸಿತು.

ಮುಖರ್ಜಿ ನಗರದ ಓಣಿಗೆ ಬಂದಾಗ ಮಂಜು ಕರಗಿ ಬಿಸಿಲು ಬಿದ್ದಿತ್ತು. ಸುದ್ದಿ ಮೊದಲೇ ತಲುಪಿರಬೇಕು. ಲೈಬ್ರರಿಯಿಂದ, ಪೀಜಿಗಳಿಂದ, ಊಟದ ಮೆಸ್ಸಿನಿಂದ ಮಕ್ಕಳು ಬಂದು ಎರಡೂ ಕಡೆ ನಿಂತಿದ್ದರು. ಅವರ ಕೈಗಳಲ್ಲಿ ನೋಟ್ಸು ಇರಲಿಲ್ಲ. ಚಹಾದ ಭಯ್ಯಾ ಒಲೆ ಸಣ್ಣಗೆ ಮಾಡಿ ರಸ್ತೆಯ ನಡುವೆ ಬಂದು ನಿಂತರು. ವ್ಯಾನಿನವರು ಹಿಂದಿನ ಬಾಗಿಲು ತೆಗೆದರು.

ಡೀಸಿ ತಕ್ಷಣ ಇಳಿಯಲಿಲ್ಲ. ಬಾಗಿಲಲ್ಲಿ ನಿಂತು ಗಾಳಿ ಮೂಸಿದಳು. ಆಮೇಲೆ ಜಿಗಿದಳು. ನೆರೆದವರಲ್ಲಿ ಯಾರ ಕಡೆಗೂ ನೋಡದೆ ನೇರ ಲೈಬ್ರರಿಯ ಮೆಟ್ಟಿಲಿಗೆ ನಡೆದಳು. ಅಲ್ಲಿ ಅವಳಿಲ್ಲದ ಐದು ದಿನದಲ್ಲಿ ಯಾವುದೋ ಹಳದಿ ನಾಯಿ ಬಂದು ಠಿಕಾಣಿ ಹೂಡಿತ್ತು. ಡೀಸಿ ಬೊಗಳಲಿಲ್ಲ, ಹಲ್ಲು ತೋರಿಸಲಿಲ್ಲ, ಹತ್ತಿರ ಹೋಗಿ ಸುಮ್ಮನೆ ನಿಂತಳು. ಹಳದಿ ನಾಯಿ ಎದ್ದು, ಮೈ ಕೊಡವಿ, ಪಕ್ಕದ ಓಣಿಯ ಕಡೆ ಹೊರಟಿತು. ಡೀಸಿ ಆ ಜಾಗದಲ್ಲಿ ಮೂರು ಸುತ್ತು ಸುತ್ತಿ ಕುಳಿತಳು. ಓಣಿಯ ತುಂಬ ಚಪ್ಪಾಳೆ ಬಿತ್ತು. ಸಹನಾ ಹೋಗಿ ಅವಳ ಪಕ್ಕದ ಮೆಟ್ಟಿಲ ಮೇಲೆ ಕುಳಿತು, ಬಟ್ಟೆ ಕಟ್ಟಿದ ಗುರುತು ಇನ್ನೂ ಮಾಸದ ಆ ಮೂತಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ನಾನು ವ್ಯಾನಿನಿಂದ ಇಳಿದು ಹತ್ತಿರ ಹೋದಾಗ ಸಹನಾ ತಲೆ ಎತ್ತಿದಳು. ಕಣ್ಣಲ್ಲಿ ನೀರಿತ್ತು, ಮುಖದ ತುಂಬ ನಗು. "ಗೆದ್ವಿ ಅಲ್ವಾ, ದೊಡ್ಡಮ್ಮ?" ಎಂದು ಮೆಲ್ಲಗೆ ಕೇಳಿದಳು.

"ಗೆದ್ವಿ," ಎಂದೆ. ಎಷ್ಟು ಜೋರಾಗಿ ಹೇಳಿದೆನೋ, ಮೂರನೇ ಮಹಡಿಯಲ್ಲಿ ಓದುತ್ತಿದ್ದವರು ಕಿಟಕಿ ತೆರೆದು ಕೆಳಗೆ ನೋಡಿದರು.